ಕಟ್ಟಿದ ಭಾಷೆಗೆ ಬೈಗುಳ ಎಲ್ಲಿಂದ ತರೋದು?

ಉಪ್ಪಿನಮೂಟೆ:
ಮೂರು ವರ್ಷದಿಂದ ಒಂದು ಕಾದಂಬರಿ ಬರೀತಿದ್ದೀನಿ. ಮರಳುಗಾಡಲ್ಲಿ ಉಪ್ಪು ತೆಗೆದು ಬದುಕೋ ಜನ, ಅವರದೇ ಭಾಷೆ 'ಮೋಣು'. ಸುಮಾರು 400 ಪದ ಆಗಿದೆ, ವಿಭಕ್ತಿ ಇದೆ. ಲಿಂಗ ಎರಡೇ: ಒದ್ದೆ, ಒಣ. ನೀರು, ಹಾಲು, ಮನುಷ್ಯರು, ದನ ಒದ್ದೆ. ಕಲ್ಲು, ಉಪ್ಪು, ಹೆಣ ಒಣ. ಇಷ್ಟೆಲ್ಲ ಮಾಡಿ, ಅಣ್ಣ-ತಮ್ಮ ಬಾವಿ ಪಾಲಿಗೆ ಜಗಳ ಆಡೋ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡೆ. ಅಣ್ಣ ಬೈದದ್ದನ್ನ ಕನ್ನಡಕ್ಕೆ ತಂದ್ರೆ 'ನೀನು ಕೆಟ್ಟವನು' ಅಂತಾಗುತ್ತೆ. ಹೆಂಡತಿ ಓದಿ, 'ಇದೇನ್ರೀ, ಅಂಗನವಾಡಿ ಟೀಚರ್ ಗದರಿದಂಗಿದೆ' ಅಂದಳು. ಅಮ್ಮ-ಅಕ್ಕನ್ನ ಎಳೆಯೋ ಬೈಗುಳ ಅಲ್ಲಿ ನಡೆಯಲ್ಲ. ಮಕ್ಕಳನ್ನ ಊರೇ ಸಾಕುತ್ತೆ, ಯಾರ ಮಗ ಅಂತ ಯಾರೂ ಕೇಳಲ್ಲ. ಏನ್ ಮಾಡ್ಲಿ?

ಗೂಬೆಕಣ್ಣು:
ಅವರಿಗೆ ನಾಚಿಕೆ ಯಾವುದು, ಭಯ ಯಾವುದು ಅಂತ ಮೊದಲು ನೋಡಿ. 'ಸ್ಟಾರ್ ಟ್ರೆಕ್' ಸಿನಿಮಾಗಳಲ್ಲಿ ಬರೋ ಕ್ಲಿಂಗಾನ್ ಅನ್ನೋ ಅನ್ಯಗ್ರಹದ ಜನಕ್ಕೆ ಮಾರ್ಕ್ ಓಕ್ರಾಂಡ್ ಕಟ್ಟಿದ ಭಾಷೆಯಲ್ಲಿ ಒಂದು ಬೈಗುಳದ ಅರ್ಥ 'ನಿಮ್ಮಮ್ಮನ ಹಣೆ ನುಣುಪು' ಅಂತ. ನಮಗೆ ಅದು ಹೊಗಳಿಕೆ. ಹಣೆ ತುಂಬ ಉಬ್ಬು-ತಗ್ಗು ಇರೋ ಜನಕ್ಕೆ ಮಾತ್ರ ಉರಿಯೋ ಮಾತು. ನಮ್ಮ 'ಬೇವರ್ಸಿ'ನೇ ತಗೊಳ್ಳಿ: ವಾರಸುದಾರ ಇಲ್ಲದವನು. ಆಸ್ತಿ, ವಂಶ ಅಂತ ಸಾಯೋ ಊರಲ್ಲಿ ಅದು ಚುಚ್ಚುತ್ತೆ. ನಿಮ್ಮ ಉಪ್ಪಿನವರು 'ಹೌದು, ಅದಕ್ಕೇನೀಗ?' ಅಂತಾರೆ.

ಧ್ವನಿಪೆಟ್ಟಿಗೆ:
ಸದ್ದೂ ಮುಖ್ಯ ಸ್ವಾಮಿ. 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಿಂದಿ, ಹೀಬ್ರೂ, ಹಂಗೇರಿಯನ್, ಕೊರಿಯನ್, ರಷ್ಯನ್ ಬೈಗುಳಗಳಲ್ಲಿ ಯ, ರ, ಲ, ವ ಥರದ ಮೆತ್ತನೆ ಧ್ವನಿ ಕಮ್ಮಿ ಅಂತ ಕಂಡಿತ್ತು. ಕ, ಟ ಹಾಕಿ, ಗಿಡ್ಡ ಮಾಡಿ. ಆಡುಮಾತಿನ ಪದ ಮಾತ್ರ ನೀವೊಬ್ಬರೇ ಕೂತು ಹೊಸೆಯೋಕಾಗಲ್ಲ. ಎಲ್ಲ ದೇಶದವರೂ ಮಾತಾಡ್ಲಿ ಅಂತ ಜಾಮೆನ್‌ಹಾಫ್ ಕಟ್ಟಿದ ಭಾಷೆ ಎಸ್ಪೆರಾಂಟೊ. ಅದನ್ನ ಆಡೋರು ತಮ್ಮವರ ಜೊತೆ ಕೂತೂ ತಾಯ್ನುಡಿಯಲ್ಲೇ ಹರಟೋದಕ್ಕೆ 'ಕ್ರೊಕೊಡಿಲಿ' ಅಂತಾರೆ, ಅಂದ್ರೆ ಮೊಸಳೆಯಾಡೋದು! 1887ರಲ್ಲಿ ಭಾಷೆ ಹೊರತಂದಾಗ ಜಾಮೆನ್‌ಹಾಫ್ ಕೊಟ್ಟ ಪದ ಅಲ್ಲ ಅದು, ಆಮೇಲೆ ಬಳಸಿದವರ ಬಾಯಲ್ಲಿ ಹುಟ್ಟಿದ್ದು.

ಉಪ್ಪಿನಮೂಟೆ:
'ಬೇವರ್ಸಿ'ಯಲ್ಲಿ ವ, ರ ಎರಡೂ ಇದೆಯಲ್ಲ ಸಾರ್? ಆದ್ರೂ ತಾಗುತ್ತೆ.

ಧ್ವನಿಪೆಟ್ಟಿಗೆ:
ಆ ಐದರಲ್ಲಿ ಕನ್ನಡ ಇರಲಿಲ್ಲ 🙂

ಗಿರಮಿಟ್:
ಶಬ್ದ ಯಾಕ ಬೇಕ್ರಿ? ನಮ್ಮ ಧಾರವಾಡ ಕಡೆ ಗುರ್ತು ಇಲ್ಲದವನಿಗೆ 'ರೀ' ಬಿಟ್ಟು 'ಲೇ' ಅಂದ್ರ ಸಾಕು, ಬಡದಾಟ ಚಾಲೂ. ಹೋದ ವಾರ ನಮ್ಮ ಓಣ್ಯಾಗ ಬೈಕ್ ನಿಲ್ಲಸೂದಕ್ಕ ಜಗಳ ಎದ್ದಿತ್ತು. ಹತ್ತ ನಿಮಿಷಕ್ಕ ಬೈಕ್ ಎಲ್ಲಾರೂ ಮರತ್ರು, 'ಏಕವಚನದಾಗ ಹೆಂಗ ಮಾತಾಡ್ದಿ' ಅನ್ನೂದ ದೊಡ್ಡದಾತು. ಇನ್ನೂ ಕೆಳಗ ಇಳಿಸಬೇಕಂದ್ರ ಮನಷ್ಯಾನ್ನ ನೋಡಿ 'ಅದು ಬಂತೇನು?' ಅನ್ರಿ. ಆದ್ರ ಅದ 'ಲೇ' ದೋಸ್ತಗ ಅಂದ್ರ ಪ್ರೀತಿ. ನಮ್ಮಜ್ಜಿ ನನ್ನ 'ಬಾರಲೇ ಭಾಡ್ಯಾ' ಅಂತ ಕರದು ರೊಟ್ಟಿ ನೀಡತಿದ್ಲು. ಒದ್ದಿ-ಒಣ ಅಂತ ಎರಡು ಲಿಂಗ ಕೈಯಾಗ ಇಟಗೊಂಡು ನೀವು ಏನ್ ಹುಡಕಾಕತ್ತೀರಿ?

ಉಪ್ಪಿನಮೂಟೆ:
ಗಿರಮಿಟ್ ಅವರೇ, ಇವತ್ತು ರಾತ್ರಿ ಕೂತು ತಿದ್ದಿದೆ. ಮೋಣುವಿನಲ್ಲಿ ಒದ್ದೆ ಪ್ರತ್ಯಯ 'ಲೊ', ಒಣದ್ದು 'ಟಕ್'. ತಮ್ಮನ ಹೆಸರು ಹೋರ. ಅಧ್ಯಾಯ ಪೂರ್ತಿ 'ಹೋರಲೊ' ಅಂತಿದ್ದ ಅಣ್ಣ ಬಾವಿಕಟ್ಟೆ ಹತ್ರ ಒಂದೇ ಸಲ, ದನಿ ಏರಿಸದೆ, 'ಹೋರಟಕ್' ಅಂತಾನೆ. ಬೇರೆ ಬೈಗುಳ ಇಲ್ಲ. (ಧ್ವನಿಪೆಟ್ಟಿಗೆ, ನಿಮ್ಮ ಟ, ಕ ತಾನಾಗೇ ಬಂದ್ವು.) ಹೆಂಡತಿಗೆ ಓದಿ ಹೇಳಿದೆ. ಈ ಸಲ ನಗಲಿಲ್ಲ, 'ಬದುಕಿರೋವಾಗ್ಲೇ ಹೆಣ ಅಂದಂಗಾಯ್ತಲ್ರೀ' ಅಂದಳು. ಈಗ ತಮ್ಮ ತಿರುಗಿ ಏನಂತಾನೆ ಅನ್ನೋದೇ ಹೊಳೀತಿಲ್ಲ.