ಪದ ಬೇಕು: ಆರೋಗ್ಯ ತಂತ್ರಜ್ಞಾನಕ್ಕೆ ‘ಮೌಲ್ಯಮಾಪನ’ ಹೊಂದುತ್ತದೆಯೇ?

ಹುಬ್ಬಳ್ಳಿಯಿಂದ:
ನಾಳೆ ಸಂಜೆಯೊಳಗೆ ತರಬೇತಿಯೊಂದರ ಬ್ಯಾನರ್ ಅಚ್ಚಿಗೆ ಹೋಗಬೇಕು. ನನ್ನ ಕೈಗೆ ಬಂದ ಕರಡಿನಲ್ಲಿ ‘ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನಕ್ಕೆ ರಾಷ್ಟ್ರೀಯ ಸಾಮರ್ಥ್ಯ ನಿರ್ಮಾಣ’ ಎಂದಿದೆ. ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೈಸ್ಕೂಲಿನಲ್ಲಿ ಕಲಿಸುವ ಅಕ್ಕ, ‘ಎಸ್ಸೆಸ್ಸೆಲ್ಸಿ ಪೇಪರು ತಿದ್ದುವುದು ಈ ಸಲ ಆಸ್ಪತ್ರೆಯಲ್ಲಿಯೇ?’ ಎಂದು ಕೇಳಿದಳು. ನಿಜವಾಗಿಯೇ ಕೇಳಿದಳು.

ವಿಷಯ ಇಷ್ಟು. ಹೊಸ ಲಸಿಕೆ, ಔಷಧ, ಯಂತ್ರ, ತಪಾಸಣೆ ಏನೇ ಬರಲಿ, ಅದರಿಂದ ರೋಗಿಗೆ ಎಷ್ಟು ಗುಣ, ಬೊಕ್ಕಸಕ್ಕೆ ಎಷ್ಟು ಖರ್ಚು, ಈಗಿರುವುದಕ್ಕಿಂತ ಅದು ಮೇಲೇ ಎಂದು ನೋಡುವ ಕೆಲಸ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 2017ರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿದೆ. ಕಣ್ಣಿನ ಪೊರೆ ತೆಗೆದ ಮೇಲೆ ಯಾವ ಮಸೂರ ಕೂರಿಸಿದರೆ ಖರ್ಚಿಗೆ ತಕ್ಕ ಫಲ ಎಂಬುದು ಅದು ಮೊದಮೊದಲು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲೊಂದು. ಇಂಥ ಲೆಕ್ಕ ಮಾಡಬಲ್ಲವರನ್ನು ನಮ್ಮಲ್ಲೇ ತಯಾರು ಮಾಡಲು ಈ ತರಬೇತಿ.

ಗದಗದಿಂದ:
‘ಸಾಮರ್ಥ್ಯ ನಿರ್ಮಾಣ’ ಮೊದಲು ತೆಗೆಯಿರಿ. ಸಾಮರ್ಥ್ಯವೇನು ಸೇತುವೆಯೇ, ನಿರ್ಮಿಸಲು? ಹಳಗನ್ನಡದಲ್ಲಿ ‘ಅಳವು’ ಇದೆ. ‘ಅಳೆ’, ‘ಅಳತೆ’ಗಳ ಒಡಹುಟ್ಟು. ಅಳತೆ ಎಂಬ ಅರ್ಥವೂ ಉಂಟು, ಶಕ್ತಿ ಎಂಬ ಅರ್ಥವೂ ಉಂಟು. ಅಳೆಯುವ ಶಕ್ತಿಯನ್ನೇ ನೀವು ಹೇಳಬೇಕಾಗಿರುವುದು. ಎರಡನ್ನೂ ಹೊತ್ತ ಪದ ಇದೊಂದೇ. ದಿನಕ್ಕೆ ಹತ್ತು ಸಲ ‘ಅಳವಡಿಸು’ ಎನ್ನುವವರು ಅದರ ಬೇರನ್ನು ಮರೆತು ಕುಳಿತಿದ್ದೇವೆ.

ಧಾರವಾಡದಿಂದ:
ಬ್ಯಾನರಿಗೆ ಆಗದು. ‘ರಾಷ್ಟ್ರೀಯ ಅಳವು’ ಎಂದರೆ ಓದಿದವರು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ಕಡ ತಂದ ಪದವೆಂದು ಸಂಸ್ಕೃತವನ್ನು ತಳ್ಳುವುದಾದರೆ ‘ಆರೋಗ್ಯ’ ಹೋಗಬೇಕು, ‘ಔಷಧ’ ಹೋಗಬೇಕು. ‘ಆಸ್ಪತ್ರೆ’ ಕಡಲು ದಾಟಿ ಬಂದದ್ದು, ಅದನ್ನು ನಮ್ಮ ಅಜ್ಜಿಯರೇ ಒಗ್ಗಿಸಿಕೊಂಡರು. ಬಾಯಿಗೆ ಒಗ್ಗಿದ್ದು ಕನ್ನಡ. ಇದರಲ್ಲಿ ಚರ್ಚೆ ಏನಿದೆ?

ಗದಗದಿಂದ:
ಒಗ್ಗುವುದಕ್ಕೆ ಮೊದಲು ಯಾರಾದರೂ ಆಡಬೇಕಲ್ಲ. ಕನ್ನಡದ ಪದಕ್ಕೆ ಮಾತ್ರ ಆ ಅವಕಾಶವನ್ನು ನೀವು ಕೊಡುವುದಿಲ್ಲ.

ಹಾವೇರಿಯಿಂದ:
ಇಬ್ಬರೂ ಪಕ್ಕದ ಹೊಲ ಉಳುತ್ತಿದ್ದೀರಿ. ತೊಡಕು ಇರುವುದು ‘ಮೌಲ್ಯಮಾಪನ’ದಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಿಂತು ನೋಡಿ. ಖರೀದಿದಾರ ಚೀಲದಿಂದ ನಾಲ್ಕು ಮೆಣಸಿನಕಾಯಿ ತೆಗೆಯುತ್ತಾನೆ, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾನೆ, ಒತ್ತಿ ತೇವ ನೋಡುತ್ತಾನೆ. ಟೆಂಡರಿನಲ್ಲಿ ದರ ಬರೆಯುವುದು ಆಮೇಲೆ. ನೋಡುವುದು ಬೇರೆ, ಬೆಲೆ ಕಟ್ಟುವುದು ಬೇರೆ. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ 1999ರಿಂದ ಇರುವ ನೈಸ್ (NICE) ಸಂಸ್ಥೆಯಲ್ಲೂ ಪುರಾವೆ ಕಲೆಹಾಕಿ ಲೆಕ್ಕ ಮಾಡುವ ತಂಡ ಬೇರೆ, ಅದನ್ನು ಮುಂದಿಟ್ಟುಕೊಂಡು ಶಿಫಾರಸು ಮಾಡುವ ಸಮಿತಿ ಬೇರೆ. ಇಂಗ್ಲಿಷಿನವರು ಇವಕ್ಕೆ ‘ಅಸೆಸ್‌ಮೆಂಟ್’, ‘ಅಪ್ರೈಸಲ್’ ಎಂದು ಎರಡು ಪದ ಇಟ್ಟುಕೊಂಡಿದ್ದಾರೆ. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ, ಲೆಕ್ಕ ಮಾಡಿದವನೇ ತೀರ್ಪುಗಾರ ಎಂದು ಜನ ತಿಳಿಯುತ್ತಾರೆ. ಮೊದಲನೆಯದಕ್ಕೆ ‘ಪರಿಶೀಲನೆ’, ಎರಡನೆಯದಕ್ಕೆ ‘ನಿರ್ಣಯ’ ಇರಲಿ.

ಧಾರವಾಡದಿಂದ:
‘ಪರಿಶೀಲನೆ’ ಎಂದರೆ ಕಡತ ತಿರುವಿದಂತೆ ಕೇಳಿಸುತ್ತದೆ. ಏನನ್ನು ನೋಡುತ್ತಾರೆ ಎಂಬುದನ್ನೂ ಜೊತೆಗೆ ಹೇಳಿ.

ಹುಬ್ಬಳ್ಳಿಯಿಂದ:
ಹೇಳಿದ್ದೇನೆ. ಅಚ್ಚಿಗೆ ಕಳುಹಿಸಿದ್ದು: ‘ಆರೋಗ್ಯ ತಂತ್ರಜ್ಞಾನದ ಗುಣ–ವೆಚ್ಚ ಪರಿಶೀಲನೆ: ನಮ್ಮಲ್ಲೇ ಪರಿಣತರನ್ನು ಬೆಳೆಸುವ ತರಬೇತಿ’. ಅಕ್ಕನಿಗೆ ಓದಿ ಹೇಳಿದಾಗ, ‘ಹಾಗಾದರೆ ಮೊಣಕಾಲಿನ ಆಪರೇಷನ್ನೂ ಇದರಲ್ಲಿ ಬರುತ್ತದೆಯೇ?’ ಎಂದಳು. ಬರುತ್ತದೆ ಎಂದೆ. ‘ಅಳವು’ ಬ್ಯಾನರಿನಲ್ಲಿಲ್ಲ, ತರಬೇತಿಯ ಕೈಪಿಡಿಯ ಮುನ್ನುಡಿಯಲ್ಲಿದೆ.

ಸೋಮವಾರಕ್ಕೆ ಕೈಪಿಡಿ ಕೊಡಬೇಕು. ಚಿಕಿತ್ಸೆಯಿಂದ ಸಿಕ್ಕ ಆಯುಷ್ಯವನ್ನು ಬರೀ ವರ್ಷದಲ್ಲಿ ಎಣಿಸದೆ, ಆ ವರ್ಷ ಎಷ್ಟು ಸ್ವಸ್ಥವಾಗಿ ಕಳೆಯಿತು ಎಂಬುದನ್ನೂ ಸೇರಿಸಿ ಎಣಿಸುವ ಮಾನವೊಂದಿದೆ. ಕರಡಿನಲ್ಲಿ ‘ಗುಣಮಟ್ಟ ಹೊಂದಾಣಿಕೆಯ ಜೀವಿತ ವರ್ಷ’ ಎಂದಿದೆ. ಇದಕ್ಕೆ ಬೇರೆ ಪದ ಬೇಕು.