ಹಳೇ ಫೈಬರ್ ದೋಣಿ: ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ಹೊಡೆಯುತ್ತಿಲ್ಲ

ಹಿನ್ನೀರ ತೋಟ:
ನಮಸ್ಕಾರ. ಹಾರಂಗಿ ಹಿನ್ನೀರಿಗೆ ತಾಗಿಕೊಂಡೇ ನಮ್ಮ ಕಾಫಿ ತೋಟ. ಅಪ್ಪನ ಕಾಲದ ಹದಿನಾಲ್ಕು ಅಡಿ ಫೈಬರ್ ದೋಣಿ, ಹಿಂದೆ 25 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಈಗ ಕೀ ತಿರುಗಿಸಿದರೆ ‘ಟಕ್’ ಅನ್ನುತ್ತೆ, ಅಷ್ಟೇ. ಹಗ್ಗ ಎಳೆದರೆ ಸಲೀಸಾಗಿ ಸ್ಟಾರ್ಟ್ ಆಗುತ್ತೆ. ಹಾರ್ನ್ ಒತ್ತಿದರೆ ಮುಂದಿನ ಕೆಂಪು-ಹಸಿರು ದೀಪ ಮಂಕಾಗುತ್ತೆ, ಡ್ಯಾಶಿನ ವೋಲ್ಟ್ ಮುಳ್ಳೂ ಕೆಳಗೆ ಬೀಳುತ್ತೆ. ಪೇಟೆಯ ಜೀಪ್ ಎಲೆಕ್ಟ್ರಿಷಿಯನ್ ಬ್ಯಾಟರಿ ಸತ್ತಿದೆ ಅಂದರು. ಹೊಸದು ಹಾಕಿದೆ, ಅದೇ ಕಥೆ. ಈಗ ಸ್ಟಾರ್ಟರ್ ಮೋಟಾರೇ ಬದಲಿಸಬೇಕಂತೆ. ಸುಮ್ಮನೆ ನಿಲ್ಲಿಸಿದರೂ ಹೊಸ ಬ್ಯಾಟರಿ ನಾಲ್ಕೈದು ದಿನಕ್ಕೆ ಇಳಿದುಹೋಗುತ್ತೆ. ಏನು ಮಾಡಲಿ?

ಕುಶಾಲನಗರ ಬುಲೆಟ್:
ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್) ಹೋಗಿರುತ್ತೆ ಬ್ರದರ್. ಬದಲಿಸಿಬಿಡಿ.

ಧಕ್ಕೆ ಮಾಮ:
ಏನನ್ನೂ ಬದಲಿಸಬೇಡಿ. ಮೊದಲು ಮಲ್ಟಿಮೀಟರ್ ಹಿಡಿಯಿರಿ.

ಮಂಗಳೂರು ಧಕ್ಕೆಯಲ್ಲಿ ದೋಣಿ ವೈರಿಂಗ್ ಮಾಡುತ್ತಲೇ ತಲೆ ನರೆತು, ಈಗ ಸುಂಟಿಕೊಪ್ಪದಲ್ಲಿ ಮಗಳ ಮನೆ ಸೇರಿದವನು ನಾನು. ಇಲ್ಲಿನ ಜೀಪ್ ಹುಡುಗರ ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀಪಿಗೆ ಬಾಡಿಯೇ ಅರ್ತ್. ಫೈಬರಿನಲ್ಲಿ ಕರೆಂಟ್ ಹರಿಯೋದಿಲ್ಲ. ಕೆಂಪು ವೈರಿನಲ್ಲಿ ಹೋದದ್ದೆಲ್ಲ ಕಪ್ಪು ವೈರಿನಲ್ಲೇ ವಾಪಸ್ ಬರಬೇಕು. ನಿಮ್ಮಂಥ ಹಳೇ ದೋಣಿಗಳಲ್ಲಿ ಡ್ಯಾಶಿನ ನೆಗೆಟಿವ್ ಇಂಜಿನ್ನಿನ ಬೋಲ್ಟಿಗೆ ಬಂದು, ಅಲ್ಲಿಂದ ಒಂದೇ ದಪ್ಪ ಕೇಬಲ್ಲಿನಲ್ಲಿ ಬ್ಯಾಟರಿಗೆ ಹೋಗಿರುತ್ತೆ. ಹಾರ್ನಿಗೆ ದೀಪ ಮಂಕಾಗುತ್ತೆ ಅಂದಾಗಲೇ ನನಗೆ ಅನುಮಾನ ಆ ಕೇಬಲ್ ಮೇಲೆ.

ಪೆಟ್ರೋಲ್ ಟ್ಯಾಂಕ್ ಹೊರಗಿಟ್ಟು, ಮುಚ್ಚಳಗಳನ್ನೆಲ್ಲ ತೆರೆದು ಗಾಳಿ ಆಡಲು ಬಿಡಿ. ಕಿಡಿ ಹಾರುವ ಕೆಲಸ ಇದು. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಕಿತ್ತಿಡಿ. ಇಂಜಿನ್ ಸ್ಟಾರ್ಟ್ ಆಗಿ ನೀರಿಲ್ಲದೆ ಒಣಗಿದಲ್ಲೇ ಓಡಿದರೆ ಅದನ್ನು ತಣಿಸುವ ನೀರಿನ ಪಂಪಿನ ರಬ್ಬರ್ ಸುಟ್ಟುಹೋಗುತ್ತೆ.

ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ ಅಂತ. 12.2 ಅಂದರೆ ಅರ್ಧ ಖಾಲಿ. ಈಗ ಒಬ್ಬರು ಕೀ ತಿರುಗಿಸಿ ಹಿಡಿದಿರಲಿ. ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ತಪ್ಪು ಅದರದ್ದಿರಬಹುದು. 12ರಲ್ಲೇ ನಿಂತು, ಇಂಜಿನ್ನೂ ತಿರುಗದಿದ್ದರೆ ಕರೆಂಟ್ ಹೊರಟೇ ಇಲ್ಲ, ದಾರಿ ಎಲ್ಲೋ ಕಟ್ಟಿದೆ.

ಎಲ್ಲಿ ಅಂತ ಹುಡುಕೋದು ಹೀಗೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಗೂಟದ ಮೇಲೇ, ಕ್ಲಾಂಪ್ ಮೇಲೆ ಅಲ್ಲ. ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ. ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಆ ನಡುವೆಯೇ ಇದ್ದಾನೆ. ಪಾಸಿಟಿವ್ ಸೀಸದಿಂದ ಸ್ಟಾರ್ಟರಿನ ಬೋಲ್ಟಿನವರೆಗೂ ಹಾಗೇ ನೋಡಿ. ಕೀ ತಿರುಗಿಸದೆ ಅಳೆದರೆ ಎಲ್ಲ ಜಾಯಿಂಟೂ ಸಾಧುವಿನ ಹಾಗೆ ಕಾಣುತ್ತೆ. ಹೊರೆ ಬಿದ್ದಾಗಲೇ ಬಣ್ಣ ಬಯಲಾಗೋದು.

ಬ್ಯಾಟರಿ ಇಳಿಯೋದು ಬೇರೆ ರೋಗ. ಎಲ್ಲ ಸ್ವಿಚ್ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಸೀಸಕ್ಕೂ ನಡುವೆ ಮೀಟರನ್ನು 10 ಆಂಪ್ಸ್‌ನಲ್ಲಿ ಸೇರಿಸಿ. ಆಗ ಕೀ ಮುಟ್ಟಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ. ಕರೆಂಟ್ ಕಂಡರೆ ದೋಣಿಯ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ತಳದ ನೀರೆತ್ತುವ ಪಂಪಿನ ವೈರ್ ಎಷ್ಟೋ ಸಲ ಸ್ವಿಚ್ ದಾಟಿ ನೇರ ಬ್ಯಾಟರಿಗೇ ಹೋಗಿರುತ್ತೆ, ಅದನ್ನು ಮರೆಯಬೇಡಿ.

ಹಿನ್ನೀರ ತೋಟ:
ಮಾಮ, ಕೀ ತಿರುಗಿಸಿದಾಗ ಬ್ಯಾಟರಿ 12.3, ನೆಗೆಟಿವ್ ಕಡೆ 7 ವೋಲ್ಟ್! ಇಂಜಿನ್ ಕಡೆಯ ಲಗ್ (ಕೇಬಲ್ ತುದಿಯ ಬಳೆ) ಬಿಚ್ಚಿದೆ. ಹೊರಗೆ ಚೆಂದ ಇತ್ತು, ಒಳಗೆ ಹಸಿರು ಕಿಲುಬು. ರಬ್ಬರ್ ಸೀಳಿದರೆ ಒಂದು ಗೇಣಿನಷ್ಟು ತಾಮ್ರ ಕಪ್ಪಾಗಿದೆ. ಅದರ ಬದಲು ಜಂಪರ್ ಕೇಬಲ್ ಕೊಟ್ಟು ನೋಡಿದೆ, ಸೆಲ್ಫ್ ಒಂದೇ ಏಟಿಗೆ ತಿರುಗಿತು.

ಆಫ್ ಮಾಡಿದಾಗ 0.4 ಆಂಪ್ಸ್ ಹೋಗ್ತಾ ಇತ್ತು. ಪಂಪ್ ಅಲ್ಲ. ಮುಂದಿನ ಪೆಟ್ಟಿಗೆಯೊಳಗೆ 5 ವ್ಯಾಟಿನ ಬಲ್ಬ್ ಇದೆ, ಮುಚ್ಚಳದ ಸ್ವಿಚ್ ತುಕ್ಕಿಗೆ ಅಂಟಿಕೊಂಡಿದೆ. ಮುಚ್ಚಿದ ಮೇಲೆ ಒಳಗೆ ಉರೀತಿದ್ದರೆ ಯಾರಿಗೆ ಗೊತ್ತಾಗುತ್ತೆ?

ಶೆಡ್ಡಿನಲ್ಲಿ ವೆಲ್ಡಿಂಗ್ ಕೇಬಲ್ ಬಿದ್ದಿದೆ, ಅದನ್ನೇ ಹಾಕಲಾ?

ಧಕ್ಕೆ ಮಾಮ:
0.4 ಅಂದರೆ ದಿನಕ್ಕೆ ಹತ್ತು ಆಂಪಿಯರ್-ಅವರ್ ಹತ್ತಿರ ಹತ್ತಿರ. ನಾಲ್ಕೈದು ದಿನದ ಲೆಕ್ಕ ಸರಿಹೋಯಿತು.

ವೆಲ್ಡಿಂಗ್ ಕೇಬಲ್ ಒಂದೆರಡು ವಾರಕ್ಕೆ ನಡೆಯುತ್ತೆ, ಕಾಯಂ ಬೇಡ. ಕೂದಲೆಳೆಯಂಥ ಬರೀ ತಾಮ್ರ, ನಮ್ಮ ಜುಲೈ ತೇವವನ್ನು ಒಳಗೊಳಗೇ ಹೀರಿಕೊಂಡು ಮತ್ತೆ ಕಪ್ಪಾಗುತ್ತೆ. ತವರ ಲೇಪಿಸಿದ ಕೇಬಲ್ 25 ಚದರ ಮಿಲಿಮೀಟರಿನದು ಮಂಗಳೂರು ಬಂದರಿನ ಅಂಗಡಿಗಳಲ್ಲಿ ಕೇಳಿ. ಲಗ್ ಅಲ್ಲೇ ದೊಡ್ಡ ಇಕ್ಕಳದಲ್ಲಿ ಒತ್ತಿಸಿಕೊಳ್ಳಿ, ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದು ಬೇಡ. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಕೂರುವ ಕೊಳವೆ) ಹಾಕಿಸಿ. ಇಂಜಿನ್ ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ತಿಕ್ಕಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯೋದು ಹೇಗೂ ಇದೆಯಲ್ಲ, ಪಂಪಿನ ಲೈನಿಗೆ ಫ್ಯೂಸ್ ಹೋಲ್ಡರನ್ನೂ ತನ್ನಿ. ಬ್ಯಾಟರಿಯಿಂದ ಏಳಿಂಚಿನೊಳಗೇ ಕೂರಿಸಿ.