ಅಪ್‌ಡೇಟ್: ಅಮ್ಮನ ಒಣಕೆಮ್ಮು ಕೊನೆಗೂ ನಿಂತ್ತು

ಅಮ್ಮಂಗೆ ರಾತ್ರಿಯೆಲ್ಲಾ ಒಣಕೆಮ್ಮು, ಮನೆಮದ್ದು ಹೇಳಿ ಅಂತ ಕೇಳಿದ್ನಲ್ಲ, ಅದರ ಕಥೆ ಇದು. ದೊಡ್ಡಪತ್ರೆ ರಸಕ್ಕೆ ಜೇನುತುಪ್ಪ ಹಾಕಿ ಕೊಟ್ವಿ, ಗಂಟಲಿಗೆ ಹಿತ ಅನ್ನುಸ್ತು ಅಷ್ಟೇ. ಮೆಣಸಿನ ಕಷಾಯಕ್ಕೆ ಹೊಟ್ಟೆ ಉರಿ ಬಂತು. ಕೆಲಸಕ್ಕೆ ಬಂದಿದ್ದು "ಬಿಪಿ ಮಾತ್ರೆ ಯಾವ್ದು ನೋಡಿ" ಅಂದವರ ಮಾತು, ದೊಡ್ಡ ಥ್ಯಾಂಕ್ಸ್. ರಾಮಿಪ್ರಿಲ್ ಇತ್ತು, ಮಂಡ್ಯದಲ್ಲಿ ಡಾಕ್ಟ್ರಿಗೆ ತೋರಿಸಿದ್ರೆ ಈ ಥರದ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತೆ ಅಂತ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದ್ರು, ತಕ್ಷಣ ಹೋಗಲ್ಲ, ಸಾಮಾನ್ಯವಾಗಿ 1ರಿಂದ 4 ವಾರ ಬೇಕು ಅಂದ್ರು, ಹಂಗೇ ನಿಧಾನಕ್ಕೆ ಕಮ್ಮಿಯಾಗಿ ಈಗ ಪೂರ್ತಿ ನಿಂತಿದೆ. ನೀವಾಗೇ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಇನ್ನೊಂದು ಗೊತ್ತೇ ಇರ್ಲಿಲ್ಲ, ಮೈಸೂರು ದೇವರಾಜ ಮಾರ್ಕೆಟ್ ಹತ್ರ ಗ್ರಂಥಿಗೆ ಅಂಗಡೀಲಿ ತಂದಿದ್ದ ಜೇಷ್ಠಮಧು ಜಾಸ್ತಿ ತಗೊಂಡ್ರೆ ಬಿಪಿ ಏರುತ್ತಂತೆ! ಡಬ್ಬಿ ಸಮೇತ ತಂಗಿ ಮನೆಗೆ ಸಾಗಿಸಿದ್ವಿ, ಅವಳಿಗೆ ಬಿಪಿ ಇಲ್ಲ.